ಕಳಸೆಯ ಬಾಯಿಗೆ ಎಳೆದ ಕೋಲು

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಈ ತಿಂಗಳು ಬಂದ ಪತ್ರಗಳ ಪೈಕಿ ನಾಲ್ಕು, ಬರೆದವರಿಗೆ ಪರಸ್ಪರ ಪರಿಚಯವಿಲ್ಲದಿದ್ದರೂ, ಒಂದೇ ಸಂಶಯದ ಸುತ್ತ ತಿರುಗುತ್ತಿದ್ದುದರಿಂದ ಉಳಿದವನ್ನು ಮುಂದಿನ ಸಂಚಿಕೆಗೆ ಕಾದಿರಿಸಿ ಈ ಸಲದ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇನೆ. ಅಡಿಕೆಯ ಹಳದಿ ರೋಗದ ಬಗ್ಗೆ ಕೇಳಿದವರು ದಯವಿಟ್ಟು ಒಂದು ತಿಂಗಳು ತಾಳಿಕೊಳ್ಳಬೇಕು.

ಪ್ರಶ್ನೆ: ಮಾಸ್ಟ್ರೇ, ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ, ಮಿತಿಮೀರಿದ ಆರ್ಥಿಕ ಅಸಮಾನತೆಯನ್ನು ಅಹಿಂಸಾತ್ಮಕ ಪ್ರತಿರೋಧದಿಂದ ತಗ್ಗಿಸಬಹುದು ಎಂಬ ಪಕ್ಷ ವಹಿಸಿ ಮಾತನಾಡಿ ಸೋತೆ. ಎದುರಾಳಿಗಳು ಎರಡು ಮಾತು ಹೇಳಿದರು. ವಾಲ್ಟರ್ ಶೀಡೆಲ್ ಎಂಬ ಇತಿಹಾಸಕಾರರ ಪ್ರಕಾರ ಮಹಾಯುದ್ಧ, ರಕ್ತಕ್ರಾಂತಿ, ರಾಜ್ಯದ ಕುಸಿತ, ಮಹಾಮಾರಿ ಈ ನಾಲ್ಕನ್ನು ಬಿಟ್ಟರೆ ಸಂಪತ್ತಿನ ಅಂತರವನ್ನು ದೊಡ್ಡ ಪ್ರಮಾಣದಲ್ಲಿ ಇಳಿಸಿದ ಶಕ್ತಿ ಬೇರೆ ಇಲ್ಲವಂತೆ. ಎರಡನೆಯದಾಗಿ, ರೈತ ಹೋರಾಟದಲ್ಲಿ ಗಲ್ಲಿಗೇರಿದ ಕಯ್ಯೂರಿನ ನಾಲ್ವರ ಈ ಕಾಸರಗೋಡು ಜಿಲ್ಲೆಯಲ್ಲಿ ನಿಂತುಕೊಂಡು ಧರಣಿ, ಉಪವಾಸಗಳ ಮಾತನಾಡಲು ನಾಚಿಕೆಯಾಗುವುದಿಲ್ಲವೇ ಎಂದು ಕೇಳಿದರು. ಸಭೆ ಚಪ್ಪಾಳೆ ತಟ್ಟಿತು. ನನ್ನಲ್ಲಿ ಉತ್ತರವಿರಲಿಲ್ಲ. ನಿಮ್ಮಲ್ಲಿದೆಯೇ?
— ಪದವಿ ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಚಪ್ಪಾಳೆ ಬಿದ್ದ ಕಡೆಗೇ ಸತ್ಯವಿರಬೇಕೆಂದಿಲ್ಲ, ಆದರೆ ಅವರು ಎತ್ತಿದ ಪ್ರಶ್ನೆಗಳು ಹಗುರವಾದವಲ್ಲ. ನಮ್ಮ ಪಕ್ಷದ ದೌರ್ಬಲ್ಯವನ್ನು ಮೊದಲು ನಾವೇ ಒಪ್ಪಿಕೊಂಡುಬಿಡೋಣ. ಅಹಿಂಸೆಯ ಪರ ವಾದಿಸುವವರು ಸಾಮಾನ್ಯವಾಗಿ ಮುಂದಿಡುವುದು ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ ಎಂಬ ಅಮೆರಿಕದ ವಿದ್ವಾಂಸರ ಅಂಕಿಅಂಶಗಳನ್ನು. 1900ರಿಂದ 2006ರವರೆಗಿನ 323 ಹೋರಾಟಗಳನ್ನು ಪರಿಶೀಲಿಸಿದ ಇವರು, ಅಹಿಂಸೆಯ ದಾರಿ ಹಿಡಿದವುಗಳಲ್ಲಿ ಶೇಕಡ 53 ಗೆದ್ದರೆ ಆಯುಧ ಹಿಡಿದವುಗಳಲ್ಲಿ ಗೆದ್ದದ್ದು ಶೇಕಡ 26 ಮಾತ್ರ ಎಂದು ತೋರಿಸಿದರು. ನೀವೂ ಇದನ್ನು ಹೇಳಿರಬಹುದು. ಆದರೆ ಅವರು ಎಣಿಸಿದ್ದು ಆಳುವವರನ್ನು ಇಳಿಸುವ, ಪರರ ಆಕ್ರಮಣವನ್ನು ಕೊನೆಗಾಣಿಸುವ, ಪ್ರತ್ಯೇಕ ನಾಡನ್ನು ಕೇಳುವ ಹೋರಾಟಗಳನ್ನು. ಗದ್ದೆ ಯಾರಿಗೆ ಸೇರಬೇಕು, ಬೆಳೆದದ್ದರಲ್ಲಿ ದುಡಿದವನ ಪಾಲು ಎಷ್ಟು ಎಂದು ಕೇಳಿದವರು ಆ ಪಟ್ಟಿಯಲ್ಲಿ ಇಲ್ಲ. ದಕ್ಷಿಣ ಆಫ್ರಿಕದಲ್ಲಿ ಮುಷ್ಕರ, ಬಹಿಷ್ಕಾರಗಳು ವರ್ಣಭೇದದ ಆಡಳಿತವನ್ನು ಮಣಿಸುವಲ್ಲಿ ದೊಡ್ಡ ಪಾಲು ಪಡೆದವು, 1994ರಲ್ಲಿ ಮತದ ಹಕ್ಕು ಎಲ್ಲರದಾಯಿತು. ಅಷ್ಟಾದರೂ ಆ ದೇಶ ಇಂದಿಗೂ ಜಗತ್ತಿನ ಅತ್ಯಂತ ಅಸಮಾನ ದೇಶಗಳ ಸಾಲಿನ ಮುಂಚೂಣಿಯಲ್ಲಿದೆ. ಕುರ್ಚಿ ಕೈಬದಲಾಗುವುದು ಬೇರೆ, ಕಣಜ ಕೈಬದಲಾಗುವುದು ಬೇರೆ.

ನಮ್ಮ ದೇಶದ ಕತೆಯಲ್ಲೂ ಇದನ್ನು ಕಾಣಬಹುದು. 1928ರ ಬಾರ್ಡೋಲಿ ಸತ್ಯಾಗ್ರಹವನ್ನು ಗೆಲುವಿನ ಮಾದರಿಯೆಂದು ಶಾಲೆಯಲ್ಲಿ ನಾನೇ ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಶೇಕಡ 22ರಷ್ಟು ಏರಿಸಿದ್ದ ಕಂದಾಯ ವಿಚಾರಣೆಯ ಬಳಿಕ ಶೇಕಡ 6ರ ಆಸುಪಾಸಿಗೆ ಇಳಿಯಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಹೋರಾಡಿದವರು ಮುಖ್ಯವಾಗಿ ಜಮೀನಿದ್ದ ಪಾಟೀದಾರರು. ಅವರ ಹೊಲಗಳಲ್ಲಿ ಸಾಲಕ್ಕೆ ಸಿಕ್ಕಿ ತಲೆಮಾರುಗಳಿಂದ ಜೀತ ಮಾಡುತ್ತಿದ್ದ ದುಬಳಾ ಜನರಿಗೆ ಆ ಗೆಲುವಿನಿಂದ ಬಿಡುಗಡೆ ಸಿಗಲಿಲ್ಲ. ಪಾಠ ಮಾಡುತ್ತಿದ್ದಾಗ ಈ ಭಾಗವನ್ನು ನಾನು ಹೇಳುತ್ತಿರಲಿಲ್ಲ. ಪಠ್ಯದಲ್ಲಿ ಇರಲಿಲ್ಲ ಎಂಬುದು ನೆಪ ಮಾತ್ರ.

ಇಷ್ಟು ಒಪ್ಪಿಕೊಂಡ ಮೇಲೆ, ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ನನ್ನ ಅಜ್ಜ ಚಾಲಗೇಣಿಯ ಒಕ್ಕಲು. ಮೂಲಗೇಣಿಯವರಿಗೆ ಭೂಮಿಯ ಮೇಲೆ ಕಾಯಂ ಹಕ್ಕಿತ್ತು. ಚಾಲಗೇಣಿಯವನನ್ನು ಮಾತ್ರ ಧಣಿ ಬೇಕೆಂದಾಗ ಎಬ್ಬಿಸಬಹುದಿತ್ತು. ಸುಗ್ಗಿ ಬೆಳೆ ಮುಗಿದೊಡನೆ ಗೇಣಿಯ ಭತ್ತವನ್ನು ಹೊತ್ತು ಧಣಿಯ ಮನೆಯಂಗಳಕ್ಕೆ ಒಯ್ಯಬೇಕು. ಅಲ್ಲಿ ಅಳೆಯುವಾಗ ಕಳಸೆಯ, ಅಂದರೆ ಭತ್ತದ ಅಳತೆಪಾತ್ರೆಯ, ಬಾಯಿಗೆ ಕೋಲು ಎಳೆಯುತ್ತಿರಲಿಲ್ಲ. ಭತ್ತ ಅಂಚು ಮೀರಿ ಗೋಪುರದಂತೆ ಏರಿ, ಇನ್ನೊಂದು ಕಾಳು ಬಿದ್ದರೆ ಜಾರುತ್ತದೆ ಎನ್ನುವವರೆಗೆ ಸುರಿಯಬೇಕಿತ್ತು. ಮಳೆಗಾಲದ ಆಟಿ ತಿಂಗಳಲ್ಲಿ ಅಕ್ಕಿ ಮುಗಿದು ಅದೇ ಮನೆಯಿಂದ ಸಾಲ ತರಹೋದರೆ, ಅದೇ ಕಳಸೆಗೆ ನೇರ ಕೋಲು ಎಳೆದು, ಅಂಚಿಗಿಂತ ಮೇಲಿದ್ದುದನ್ನೆಲ್ಲ ಒಳಗೆ ಸರಿಸಿ ಕೊಡುತ್ತಿದ್ದರು. ತೆಗೆದುಕೊಳ್ಳುವಾಗಿನ ಕಳಸೆಗೂ ಕೊಡುವಾಗಿನ ಕಳಸೆಗೂ ನಡುವೆ ಎಷ್ಟು ಸೇರಿನ ಅಂತರವಿದೆಯೆಂದು ಬರವಣಿಗೆ ಬಾರದ ನನ್ನ ಅಜ್ಜಿ ಬೆರಳ ಗೆಣ್ಣುಗಳಲ್ಲಿ ಎಣಿಸಿ ಹೇಳುತ್ತಿದ್ದರು.

1958ರ ಸುಗ್ಗಿಯಲ್ಲಿ ಎಂಟು ಮನೆಯ ಒಕ್ಕಲುಗಳು ಒಟ್ಟಾಗಿ ಭತ್ತ ಹೊತ್ತುಕೊಂಡು ಹೋದರು. ಜೊತೆಗೆ ಅಡಿಕೆ ಸಲಾಕೆಯನ್ನು ಕೆತ್ತಿ ಮಾಡಿದ ಒಂದು ಕೋಲನ್ನೂ ಒಯ್ದರು. ಕೋಲು ಎಳೆದು ಅಳೆಯುವುದಾದರೆ ಮಾತ್ರ ಕಟ್ಟು ಬಿಚ್ಚುತ್ತೇವೆ ಎಂದು ಹೇಳಿ ಅಂಗಳದ ಅಂಚಿನಲ್ಲಿ ಕುಳಿತರು. ಏಳು ವರ್ಷದ ನಾನು ಅಜ್ಜನ ಬೆನ್ನಿಗೆ ಒರಗಿ ಕುಳಿತಿದ್ದೆ. ಬೈಗಳು ಬಂದವು, ಯಾರೂ ತಿರುಗಿ ಮಾತನಾಡಲಿಲ್ಲ, ಎದ್ದು ಹೋಗಲೂ ಇಲ್ಲ. ಕತ್ತಲಾದ ಮೇಲೆ ಧಣಿಗಳು ಚಾವಡಿಯಿಂದ ಇಳಿದು ಬಂದು ಕೋಲನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು, ಬಳಿಕ ಆಳನ್ನು ಕರೆದು ‘ಎಳೆ’ ಎಂದರು. ಅವರ ಮನಸ್ಸು ಕರಗಿತೆಂದು ನಾನು ಬಹುಕಾಲ ನಂಬಿದ್ದೆ. ದೊಡ್ಡವನಾದ ಮೇಲೆ ಅಜ್ಜನನ್ನು ಕೇಳಿದಾಗ ಅವರು ನಕ್ಕರು. ಎರಡು ದಿನ ಬಿಟ್ಟು ಆ ಮನೆಯಲ್ಲಿ ಭೂತದ ನೇಮ, ಅಂದರೆ ದೈವದ ಉತ್ಸವ, ಇತ್ತು. ಊರಿಗೆ ಊರೇ ಉಣ್ಣಬೇಕು, ಕಣಜದಲ್ಲಿ ಭತ್ತವಿಲ್ಲ. ಎಂಟು ಮನೆಯವರೂ ಒಂದೇ ಮಾತಿನಲ್ಲಿದ್ದುದರಿಂದ ಒಂಬತ್ತನೆಯವನನ್ನು ಹುಡುಕಲು ಹೊತ್ತಿರಲಿಲ್ಲ. ಇನ್ನೊಂದು ಕಾರಣವನ್ನೂ ಅಜ್ಜ ಹೇಳಿದರು: ಹಿಂದಿನ ವರ್ಷ, 1957ರ ಏಪ್ರಿಲ್ 11ರಂದು, ಅಧಿಕಾರಕ್ಕೆ ಬಂದು ಒಂದು ವಾರವಾಗುವಷ್ಟರಲ್ಲೇ ಕೇರಳದ ಹೊಸ ಸರಕಾರ ಒಕ್ಕಲೆಬ್ಬಿಸುವುದನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಿತ್ತು. ಎಬ್ಬಿಸುವ ಭಯ ಇಲ್ಲವಾದ್ದರಿಂದ ಕೂರುವ ಧೈರ್ಯ ಬಂತು.

ನಾನು ಹೇಳಬೇಕೆಂದಿರುವುದೆಲ್ಲ ಹೆಚ್ಚುಕಡಿಮೆ ಆ ಅಂಗಳದಲ್ಲಿಯೇ ಇದೆ. ಉಳ್ಳವನಿಗೆ ಅಗತ್ಯವಾದದ್ದು ಯಾವುದೋ ಇಲ್ಲದವನ ಕೈಯಲ್ಲಿರಬೇಕು. ಅದನ್ನು ಎಲ್ಲರೂ ಒಟ್ಟಾಗಿ ತಡೆಹಿಡಿಯಬೇಕು. ತಡೆಹಿಡಿದಾಗ ಕಾಲ ಕೆಳಗಿನ ನೆಲ ಕುಸಿಯದಂತೆ ಒಂದು ಕಾನೂನಿನ ಆಸರೆ ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ಅಹಿಂಸೆ ಬರಿಯ ಬೇಡಿಕೆಯಾಗಿ ಉಳಿಯುತ್ತದೆ.

ಘಟ್ಟದ ಮೇಲಿನ ಕಾಗೋಡಿನಲ್ಲಿ 1951ರಲ್ಲಿ ನಡೆದದ್ದೂ ಅಳತೆಯ ಜಗಳವೇ. ಸಾಗರ ತಾಲೂಕಿನ ಆ ಹಳ್ಳಿಯ ಗೇಣಿದಾರರು, ಗೇಣಿ ಅಳೆಯುವ ಕೊಳಗ ನ್ಯಾಯವಾದ ಗಾತ್ರಕ್ಕಿಂತ ದೊಡ್ಡದೆಂದು ತಕರಾರು ತೆಗೆದರು. ಎಚ್. ಗಣಪತಿಯಪ್ಪನವರು ಸಂಘ ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ನೂರಾರು ಜನ ಜೈಲಿಗೆ ಹೋದರೂ ಆ ವರ್ಷ ಹೊಲಗಳೇನೂ ಅವರದಾಗಲಿಲ್ಲ. ಸೋತರೆಂದೇ ಅಂದು ಹಲವರು ಬರೆದಿರಬೇಕು. ಆದರೆ ‘ಉಳುವವನೇ ಹೊಲದೊಡೆಯ’ ಎಂಬ ಮಾತು ಅಲ್ಲಿಂದ ಎದ್ದು ಊರೂರು ತಿರುಗಿ 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿಯಾಗಿ ಕಾನೂನಿನ ಪುಸ್ತಕ ಸೇರಿತು. ಗಡಿಯಾಚೆ ಬಂಟ್ವಾಳ, ಪುತ್ತೂರುಗಳಲ್ಲಿರುವ ನಿಮ್ಮ ನೆಂಟರನ್ನು ಕೇಳಿ. ‘ಡಿಕ್ಲರೇಶನ್ ಕೊಟ್ಟದ್ದು’ ಎಂದರೆ ಇಂದಿಗೂ ಅವರಿಗೆ ಒಂದೇ ಅರ್ಥ: ಗೇಣಿಯ ಹೊಲ ತನ್ನದಾಗಬೇಕೆಂದು ಅರ್ಜಿ ಹಾಕಿದ್ದು. ಇಪ್ಪತ್ತಮೂರು ವರ್ಷ ಹಿಡಿಯಿತು ಎಂಬುದನ್ನು ನಿಮ್ಮ ಎದುರಾಳಿಗಳು ಹಾಸ್ಯ ಮಾಡಬಹುದು. ಹಾಸ್ಯ ಮಾಡಲಿ, ಹೊಲ ಮಾತ್ರ ಸಿಕ್ಕಿತು.

ಇನ್ನು ಕಯ್ಯೂರು. ಅದರ ಬಗ್ಗೆ ಮಾತನಾಡುವಾಗ ಧ್ವನಿ ತಗ್ಗಿಸಬೇಕು ಎಂಬುದು ನನ್ನ ಅಭಿಪ್ರಾಯ. ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕಿನ ಆ ಹಳ್ಳಿಯಲ್ಲಿ, 1941ರ ಮಾರ್ಚ್ 28ರಂದು ರೈತರ ಮೆರವಣಿಗೆಯೊಂದು ಎದುರಿಗೆ ಸಿಕ್ಕ ಪೊಲೀಸನನ್ನು ಹಿಡಿದು ತಮ್ಮೊಡನೆ ನಡೆಸಿಕೊಂಡು ಹೊರಟಿತು. ತಪ್ಪಿಸಿಕೊಳ್ಳಲು ಆತ ಹೊಳೆಗೆ ಹಾರಿದ, ಕಲ್ಲುಗಳು ಬಿದ್ದವು, ಆತ ಸತ್ತ. 1943ರ ಮಾರ್ಚ್ 29ರಂದು ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕರ್ ಎಂಬ ನಾಲ್ವರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಅವರ ಧೈರ್ಯದ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಕಯ್ಯೂರಿನ ಹಿಂದೆ ಹಲವು ವರ್ಷಗಳ ರೈತ ಸಂಘದ ಕೆಲಸವಿತ್ತು. ಧಣಿಗಳ ಮನೆಯವರೆಗೆ ಜಾಥಾ ಹೋಗುವುದು, ಗೇಣಿಯ ಮೇಲೆ ಹೇರಿದ್ದ ಅಕ್ರಮ ವಸೂಲಿಗಳನ್ನು ಕೊಡಲೊಲ್ಲೆವೆನ್ನುವುದು, ರಾತ್ರಿ ಶಾಲೆ ನಡೆಸುವುದು. ಹೊಳೆಯ ಆ ಒಂದು ಗಳಿಗೆ ಆ ಕೆಲಸವನ್ನು ಮುಂದೊಯ್ಯಲಿಲ್ಲ. ಪೊಲೀಸರು ಹಳ್ಳಿಗೆ ನುಗ್ಗಲು ಅದು ಕಾರಣವಾಯಿತು. ಜನರ ನೆನಪಿನಲ್ಲಿ ಗಲ್ಲುಗಂಬ ಉಳಿದಿದೆ, ಸಹಜವೇ. ಆದರೆ ಗದ್ದೆ ಬಂದದ್ದು ಗೇಣಿ ಕೊಡಲೊಲ್ಲೆನೆಂದವರ ದಾರಿಯಿಂದ.

ಆ ದಾರಿ ನೇರವಾಗಿಯೇನೂ ಇರಲಿಲ್ಲ. 1957ರ ಸರಕಾರವನ್ನು, ಅದರ ಭೂಮಸೂದೆ ಮತ್ತು ಶಿಕ್ಷಣ ಕಾಯಿದೆಗಳನ್ನು ವಿರೋಧಿಸಿದವರು ಬೀದಿಗಿಳಿದು, ಶಾಲೆಗಳಿಗೆ ಪಿಕೆಟಿಂಗ್ ಮಾಡಿ, ಜೈಲು ತುಂಬಿಸಿ, 1959ರ ಜುಲೈ 31ರಂದು ಆ ಸರಕಾರವೇ ವಜಾ ಆಗುವಂತೆ ಮಾಡಿದರು. ಅಂದರೆ ಸತ್ಯಾಗ್ರಹದ ಕೈಪಿಡಿ ಬಡವರ ಸ್ವತ್ತೇನಲ್ಲ, ಉಳ್ಳವರೂ ಅದನ್ನು ಚೆನ್ನಾಗಿ ಓದಿಕೊಂಡಿದ್ದಾರೆ. ಕೊನೆಗೆ ಭೂಸುಧಾರಣಾ ಕಾಯಿದೆಯ 1969ರ ತಿದ್ದುಪಡಿ 1970ರ ಜನವರಿ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿಯೇ ರದ್ದಾಯಿತು. ಬರೆದ ಕಾನೂನು ತಾನಾಗಿ ನಡೆಯುವುದಿಲ್ಲವೆಂದು ತಿಳಿದಿದ್ದ ಗುಡಿಸಲುವಾಸಿಗಳು ತಮ್ಮ ಗುಡಿಸಲ ಸುತ್ತ ಹತ್ತು ಸೆಂಟ್ಸ್ ಜಾಗಕ್ಕೆ ತಾವೇ ಬೇಲಿ ಕಟ್ಟಿದರು, ಗೇಣಿದಾರರು ಗೇಣಿ ನಿಲ್ಲಿಸಿದರು. ಕೇರಳದ ಉದ್ದಗಲಕ್ಕೂ ಭೂಮಿಯ ಒಡೆತನ ಬದಲಾಯಿತು, ಅದಕ್ಕೆ ಮಹಾಯುದ್ಧವೂ ಬೇಕಾಗಲಿಲ್ಲ, ಮಹಾಮಾರಿಯೂ ಬೇಕಾಗಲಿಲ್ಲ. ಶೀಡೆಲ್ ಅವರ ಮಾತಿಗೆ ನೀವು ಕೊಡಬಹುದಾಗಿದ್ದ ಉತ್ತರ ನಿಮ್ಮ ಮನೆಯ ಪಟ್ಟಾದಲ್ಲಿಯೇ ಇದ್ದಿರಬಹುದು, ಒಮ್ಮೆ ಪೆಟ್ಟಿಗೆ ತೆಗೆದು ನೋಡಿ.

ಹಾಗೆಂದು ಅವರನ್ನು ಪೂರ್ತಿ ತಳ್ಳಿಹಾಕಲೂ ನಾನು ಸಿದ್ಧನಿಲ್ಲ. ನನ್ನ ಅಜ್ಜನಿಗೆ ಗದ್ದೆ ಬಂತು, ಆ ಗದ್ದೆಯಿಂದ ನನ್ನ ಓದು ಬಂತು, ಓದಿನಿಂದ ಮಾಸ್ತರಿಕೆ. ಅದೇ ಗದ್ದೆಯಲ್ಲಿ ನಮಗೆ ನೇಜಿ ನೆಟ್ಟು, ಕೊಯ್ದು, ಹೊರೆ ಹೊತ್ತ ಹೆಂಗಸಿಗೆ ಬಂದದ್ದು ಗುಡಿಸಲ ಸುತ್ತಲಿನ ಹತ್ತು ಸೆಂಟ್ಸ್ ಮಾತ್ರ. ಕಾನೂನು ಭೂಮಿ ಕೊಟ್ಟದ್ದು ಗೇಣಿ ಚೀಟಿ ಇದ್ದವನಿಗೆ, ಕೆಸರಿನಲ್ಲಿ ನಿಂತವರಿಗಲ್ಲ. ದಲಿತರು, ಕೊರಗರು, ಇತರ ಬುಡಕಟ್ಟಿನವರು ಹೊರಗುಳಿದರು. ತೋಟಗಾರಿಕಾ ಎಸ್ಟೇಟುಗಳಿಗೆ ಮಿತಿಯೇ ಅನ್ವಯಿಸಲಿಲ್ಲ. ಕೋಲು ಎಳೆಯಬೇಕೆಂದು ಅಂದು ಅಂಗಳದಲ್ಲಿ ಕುಳಿತ ಎಂಟು ಮಂದಿಯಲ್ಲಿ ಆ ನೇಜಿ ನೆಟ್ಟವಳ ಗಂಡ ಇರಲಿಲ್ಲ, ಕರೆದವರೂ ಇರಲಿಲ್ಲ. ಹೋರಾಟದಲ್ಲಿ ಯಾರು ಕುಳಿತಿದ್ದರೋ ಅವರಿಗಷ್ಟೇ ಅದರ ಫಲ ಸಿಕ್ಕಿತು. ಹೊರಗುಳಿದವರು 2001ರಲ್ಲಿ ತಿರುವನಂತಪುರದ ಸಚಿವಾಲಯದ ಮುಂದೆ ಆದಿವಾಸಿ ನಾಯಕಿ ಸಿ. ಕೆ. ಜಾನು ಅವರ ನೇತೃತ್ವದಲ್ಲಿ ಗುಡಿಸಲು ಕಟ್ಟಿ ಕುಳಿತು ನಲವತ್ತೆಂಟು ದಿನಗಳ ಬಳಿಕ ಭೂಮಿಯ ಭರವಸೆ ಪಡೆಯಬೇಕಾಯಿತು. ಭರವಸೆ ಈಡೇರದೆ 2003ರಲ್ಲಿ ವಯನಾಡಿನ ಮುತ್ತಂಗ ಕಾಡಿಗೆ ಹೋದಾಗ ಪೊಲೀಸರ ಗುಂಡು ಎದುರಿಸಬೇಕಾಯಿತು.

ಇಂದಿನ ಅಸಮಾನತೆಯ ಸ್ವರೂಪವೂ ಬೇರೆ. ವಿಶ್ವ ಅಸಮಾನತಾ ಪ್ರಯೋಗಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2022–23ರಲ್ಲಿ ಭಾರತದ ಮೇಲ್ತುದಿಯ ಶೇಕಡ 1 ಜನರ ಬಳಿ ದೇಶದ ಸಂಪತ್ತಿನ ಶೇಕಡ 40.1 ಇತ್ತು. ಈ ಸಂಪತ್ತು ಬಹುಪಾಲು ಷೇರುಗಳಲ್ಲಿ, ನಗರದ ನಿವೇಶನಗಳಲ್ಲಿ ಇದೆ. ಇದರ ಧಣಿಗೆ ಅಂಗಳವಿಲ್ಲ, ಕಳಸೆಯಿಲ್ಲ, ನೇಮದ ದಿನಕ್ಕೆ ನಮ್ಮ ಭತ್ತ ಬೇಕಾಗಿಯೂ ಇಲ್ಲ. 2020ರ ನವೆಂಬರಿನಿಂದ ದೆಹಲಿಯ ಗಡಿಯಲ್ಲಿ ಕುಳಿತ ರೈತರು ಒಂದು ವರ್ಷದ ಬಳಿಕ ಮೂರು ಕೃಷಿ ಕಾಯಿದೆಗಳನ್ನು ಹಿಂತೆಗೆಸಿದರು. ಅದು ಇದ್ದುದನ್ನು ಕಳೆದುಕೊಳ್ಳದಿರುವ ಗೆಲುವು, ಹೊಸದಾಗಿ ಹಂಚಿಕೊಳ್ಳುವ ಗೆಲುವಲ್ಲ. ಹಾಗಾಗಿ ನಿಮ್ಮ ಚರ್ಚೆಯ ವಿಷಯವನ್ನು ನಾನಾದರೆ ಸ್ವಲ್ಪ ತಿದ್ದುತ್ತಿದ್ದೆ: ದುಡಿಯುವವನ ಕೈ ಎಲ್ಲಿಯವರೆಗೆ ಬೇಕಾಗಿದೆಯೋ ಅಲ್ಲಿಯವರೆಗೆ ಸಾಧ್ಯ. ನಮ್ಮ ಜಿಲ್ಲೆಯಲ್ಲಿ ಅಡಿಕೆ ಮರ ಹತ್ತುವವನು ಇಂದು ಯಾವ ಧರಣಿಯನ್ನೂ ಮಾಡದೆ ತನ್ನ ಕೂಲಿಯನ್ನು ತಾನೇ ಹೇಳುತ್ತಾನೆ, ನಾವು ಕೊಡುತ್ತೇವೆ, ಕೊಟ್ಟು ಜಗಲಿಯಲ್ಲಿ ಕುಳಿತು ಗೊಣಗುತ್ತೇವೆ. ಆ ಗೊಣಗಾಟದಲ್ಲಿ ನಮ್ಮ ಧಣಿಗಳ ಧ್ವನಿ ನನಗೆ ಕೇಳಿಸುತ್ತದೆ.

ಪ್ರಶ್ನೆ: ಶ್ರೀಮಂತರು ತಮ್ಮ ಸಂಪತ್ತಿಗೆ ಒಡೆಯರಲ್ಲ, ಧರ್ಮದರ್ಶಿಗಳು ಮಾತ್ರ ಎಂದು ಗಾಂಧೀಜಿ ಹೇಳಿದರು. ಅವರ ಹೃದಯವನ್ನು ಮುಟ್ಟಿದರೆ ಸಾಕಲ್ಲವೇ? ಹೋರಾಟವಾದರೂ ಏಕೆ?
— ನಿವೃತ್ತ ಸಹಕಾರಿ ಬ್ಯಾಂಕ್ ನೌಕರರು, ಮಂಜೇಶ್ವರ

ಉತ್ತರ: ಮುಟ್ಟಿ ನೋಡಿದ್ದಾರೆ. ಕಾಗೋಡಿನಲ್ಲಿ ಕೊಳಗದ ಜಗಳ ನಡೆದ ಅದೇ 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂಮಾಲೀಕರೊಬ್ಬರು ವಿನೋಬಾ ಭಾವೆಯವರಿಗೆ ನೂರು ಎಕರೆ ಕೊಟ್ಟರು, ಭೂದಾನ ಆರಂಭವಾಯಿತು. ಗುರಿಯಿದ್ದುದು ಐದು ಕೋಟಿ ಎಕರೆ. ವಿನೋಬಾ ವರ್ಷಗಟ್ಟಲೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿದರೂ ದಾನವಾಗಿ ಬಂದದ್ದು ಅದರ ಹತ್ತನೆಯ ಒಂದು ಪಾಲಿನ ಸುತ್ತಮುತ್ತ, ಅದರಲ್ಲೂ ಬಹಳಷ್ಟು ಕಲ್ಲುನೆಲ, ಮೊಕದ್ದಮೆಯಲ್ಲಿದ್ದ ನೆಲ, ಇಲ್ಲವೇ ಕಾಗದದಲ್ಲಿ ಮಾತ್ರ ಇದ್ದ ನೆಲ. ವಿನೋಬಾರ ಸಂತತನದ ಬಗ್ಗೆ ನನಗೆ ಸಂಶಯವಿಲ್ಲ. ಕೊಡುವವನು ತನಗೆ ಬೇಡವಾದದ್ದನ್ನು ಕೊಡುತ್ತಾನೆ ಎಂಬುದು ನಮ್ಮ ಮನೆಗಳ ಹಳೆಯ ಸೀರೆ, ಅಂಗಿಗಳ ವಿಷಯದಲ್ಲೂ ನಿಜ.

ಗಾಂಧೀಜಿಯೇ ಈ ವಿಷಯದಲ್ಲಿ ತಮ್ಮ ಶಿಷ್ಯರಿಗಿಂತ ಹೆಚ್ಚು ನಿಷ್ಠುರರಾಗಿದ್ದರು. 1918ರಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರು ಶೇಕಡ 35 ಹೆಚ್ಚಳ ಕೇಳಿದಾಗ ಮಾಲೀಕರು 20ಕ್ಕೆ ನಿಂತರು. ಕಾರ್ಮಿಕರ ಧೈರ್ಯ ಕುಂದುವುದನ್ನು ಕಂಡು ಗಾಂಧೀಜಿ ಉಪವಾಸ ಕುಳಿತರು. ಮೂರೇ ದಿನಗಳಲ್ಲಿ ಒಪ್ಪಂದವಾಗಿ, ಪಂಚರ ತೀರ್ಪಿನಲ್ಲಿ 35 ಸಿಕ್ಕಿತು. ಆದರೆ ಮಾಲೀಕರ ಮುಖಂಡ ಅಂಬಾಲಾಲ್ ಸಾರಾಭಾಯಿ ತಮ್ಮ ಸ್ನೇಹಿತರಾದುದರಿಂದ ಆ ಉಪವಾಸ ಅವರ ಮೇಲೆ ಒತ್ತಡವಾಗಿಬಿಟ್ಟಿತು, ಅದು ದೋಷಮುಕ್ತವಾಗಿರಲಿಲ್ಲ ಎಂದು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಗಾಂಧೀಜಿ ಸ್ನೇಹಿತರಲ್ಲದ ಮಾಲೀಕರ ಎದುರು, ಗಾಂಧೀಜಿಯಲ್ಲದವರು ಉಪವಾಸ ಕುಳಿತರೆ ಏನಾಗುತ್ತದೆಂಬುದನ್ನು ಮುಂದಿನ ಪತ್ರ ಹೇಳುತ್ತದೆ.

ಪ್ರಶ್ನೆ: ನಮ್ಮ ಪಡ್ರೆ, ಸ್ವರ್ಗ ಎಂಬ ಊರುಗಳ ಕಡೆಯ ಎಂಡೋಸಲ್ಫಾನ್ ಸಂತ್ರಸ್ತ ಮಕ್ಕಳ ತಾಯಂದಿರು ಇಪ್ಪತ್ತು ವರ್ಷಗಳಿಂದ ಧರಣಿ ಮಾಡಿದ್ದಾರೆ, ಮಲಗಿದಲ್ಲೇ ಇರುವ ಮಕ್ಕಳನ್ನು ತೋಳಲ್ಲಿ ಹೊತ್ತು ತಿರುವನಂತಪುರಕ್ಕೆ ಹೋಗಿ ಉಪವಾಸ ಕುಳಿತಿದ್ದಾರೆ. ಅಹಿಂಸೆಯಿಂದ ಅವರಿಗೆ ಸಿಕ್ಕಿದ್ದೇನು?
— ಕೃಷಿಕರು, ಪೆರ್ಲ

ಉತ್ತರ: ಸಿಕ್ಕಿದೆ, ಸಿಕ್ಕಿದ್ದು ಸಾಲದು ಎಂಬ ನಿಮ್ಮ ಸಿಟ್ಟೂ ಸರಿಯಾದದ್ದೇ. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕ ನಿಂತದ್ದು ಈ ಪ್ರತಿಭಟನೆಯಿಂದ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಹಿಡಿಯಿತು. 2017ರ ಜನವರಿ 10ರಂದು ಪ್ರತಿ ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದಿತು. ಆ ಮೂರು ತಿಂಗಳು ಐದು ವರ್ಷವಾಯಿತು. 2019ರ ಜನವರಿ ಕೊನೆಯಲ್ಲಿ ತಾಯಂದಿರು ಸಚಿವಾಲಯದ ಮುಂದೆ ಉಪವಾಸ ಕುಳಿತರು, ಸಾಮಾಜಿಕ ಕಾರ್ಯಕರ್ತೆ ದಯಾಬಾಯಿಯವರು ಅವರೊಂದಿಗೆ ಕುಳಿತರು. 2022ರ ಮೇ ತಿಂಗಳಲ್ಲಿ ಕೋರ್ಟಿನ ಮುಂದೆ ಬಂದ ಲೆಕ್ಕವೆಂದರೆ 3,704 ಸಂತ್ರಸ್ತರ ಪೈಕಿ ಹಣ ಸಿಕ್ಕಿದ್ದು ಎಂಟು ಜನರಿಗೆ. ಅವರು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ್ದವರು. ನ್ಯಾಯಪೀಠ ಗದರಿದ ಮೇಲೆ ಉಳಿದವರ ಹಣ ಚಲಿಸಿತು.

ನಿಮ್ಮ ಊರಿನ ತಾಯಂದಿರಿಗೂ ನನ್ನ ಅಜ್ಜನಿಗೂ ಇರುವ ವ್ಯತ್ಯಾಸವನ್ನು ಗಮನಿಸಿ. ಅಜ್ಜನ ಕೈಯಲ್ಲಿ ಧಣಿಗೆ ಬೇಕಾದ ಭತ್ತವಿತ್ತು. ಹಾಸಿಗೆ ಹಿಡಿದ ಮಗುವಿನ ತಾಯಿ ತಡೆಹಿಡಿಯಬಹುದಾದದ್ದು ಏನಿದೆ? ಅವಳು ಕೆಲಸಕ್ಕೆ ಹೋಗದಿದ್ದರೆ ನಷ್ಟ ಅವಳಿಗೇ. ಹೀಗಿರುವಾಗ ಪ್ರತಿರೋಧಕ್ಕೆ ಉಳಿಯುವುದು ಕಣ್ಣಿಗೆ ಕಾಣಿಸಿಕೊಳ್ಳುವ ದಾರಿ ಮಾತ್ರ: ನೋಡಲು ಇಷ್ಟವಿಲ್ಲದವರ ಎದುರು ಹೋಗಿ ಕುಳಿತುಕೊಳ್ಳುವುದು. ಅದರಿಂದ ಪರಿಹಾರ ಬರುತ್ತದೆ, ತಡವಾಗಿ ಬರುತ್ತದೆ, ಕಂತಿನಲ್ಲಿ ಬರುತ್ತದೆ, ಪಾಲು ಬರುವುದಿಲ್ಲ. ವಿಷ ಸುರಿಯಬೇಕೇ ಬೇಡವೇ ಎಂದು ನಿರ್ಧರಿಸುವ ಮೇಜಿನ ಸುತ್ತ ಪಡ್ರೆಯವರು ಕುಳಿತಿದ್ದರೆ ಧರಣಿಯೇ ಬೇಕಾಗುತ್ತಿರಲಿಲ್ಲ. ಅವರು ಅಲ್ಲಿ ಇಲ್ಲದಿದ್ದುದೇ ನಿಜವಾದ ಅಸಮಾನತೆ, ಅದರ ಬೆಲೆಯನ್ನು ಐದು ಲಕ್ಷವೆಂದು ಕಟ್ಟಿದ್ದು ಆಮೇಲೆ. ಕನ್ನಡದಲ್ಲಿ ಅರ್ಜಿ ಕೊಟ್ಟರೆ ಓದುವವರಿಲ್ಲದ ಕಚೇರಿಗಳಿಗೆ ಅವರು ಅಲೆದದ್ದೂ ಈ ಲೆಕ್ಕದಲ್ಲಿ ಸೇರಬೇಕು.

ಪ್ರಶ್ನೆ: ನಾನು ಇಪ್ಪತ್ತಾರು ವರ್ಷದಿಂದ ಬೀಡಿ ಕಟ್ಟುತ್ತಿದ್ದೇನೆ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಕೊಡುವ ಎಲೆ ತೂಕಕ್ಕೆ ಕಡಿಮೆ ಇರುತ್ತದೆ, ಸಾವಿರ ಬೀಡಿಗೆ ಸಾಲದಿದ್ದರೆ ನಾವೇ ದುಡ್ಡು ಕೊಟ್ಟು ತರಬೇಕು. ಸರಿಯಿಲ್ಲವೆಂದು ಬದಿಗಿಟ್ಟ ಬೀಡಿಯನ್ನು ಹಿಂದಿರುಗಿಸುವುದೂ ಇಲ್ಲ. ಮಾತನಾಡಿದರೆ ಬ್ರಾಂಚ್ ಮುಚ್ಚುತ್ತೇವೆ ಎನ್ನುತ್ತಾರೆ. ಬೀಡಿ ಸೇದುವವರೂ ಕಡಿಮೆಯಾಗುತ್ತಿದ್ದಾರೆ. ನಮ್ಮಂಥವರು ಏನು ಮಾಡಬೇಕು? ಹೆಸರು ಹಾಕಬೇಡಿ.
— ಉಪ್ಪಳ

ಉತ್ತರ: ಅಕ್ಕಾ, ನಿಮ್ಮ ಪತ್ರವನ್ನು ಕೊನೆಗೆ ಇಟ್ಟದ್ದು ಅದು ಚಿಕ್ಕದೆಂದಲ್ಲ, ಮೇಲಿನ ಮೂರು ಉತ್ತರಗಳೂ ನಿಮ್ಮ ಎದುರು ನಿಲ್ಲುತ್ತವೆಯೇ ಎಂದು ನೋಡಬೇಕಿತ್ತು.

‘ಮುಚ್ಚುತ್ತೇವೆ’ ಎಂಬ ಮಾತು ಹೊಸದಲ್ಲ, ಬರಿಯ ಬೆದರಿಕೆಯೂ ಅಲ್ಲ. ಬೀಡಿ ಕಾರ್ಮಿಕರಿಗೆ ರಜೆ, ಕೆಲಸದ ಅವಧಿ ಮುಂತಾದ ಹಕ್ಕುಗಳನ್ನು ಕೊಟ್ಟ 1966ರ ಕೇಂದ್ರ ಕಾಯಿದೆಯನ್ನು ಕೇರಳ 1968ರಲ್ಲಿ ಜಾರಿಗೆ ತಂದಾಗ, ಮಂಗಳೂರಿನಿಂದ ವ್ಯವಹಾರ ನಡೆಸುತ್ತಿದ್ದ ದೊಡ್ಡ ಮಾಲೀಕರು ಕಣ್ಣೂರು ಕಡೆಯ ತಮ್ಮ ಕಾರ್ಖಾನೆಗಳನ್ನು ಮುಚ್ಚಿಯೇಬಿಟ್ಟರು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಕೆಲಸ ನಿಲ್ಲಿಸುತ್ತೇವೆಂದು ಹೇಳುವ ಶಕ್ತಿ, ಕೆಲಸವನ್ನೇ ಅವರು ಹೊತ್ತೊಯ್ದಾಗ ಉಪಯೋಗಕ್ಕೆ ಬರಲಿಲ್ಲ; ನಾನು ಮೇಲೆ ಹೇಳಿದ ಸೂತ್ರ ಅಲ್ಲಿ ಸೋತಿತು. ಆಗ ಅವರು ಮಾಡಿದ್ದು ಬೇರೆ. 1969ರ ಫೆಬ್ರವರಿಯಲ್ಲಿ ದಿನೇಶ್ ಬೀಡಿ ಎಂಬ ಸಹಕಾರ ಸಂಘ ಕಟ್ಟಿದರು. ಇಪ್ಪತ್ತು ರೂಪಾಯಿಯ ಷೇರಿಗೆ ಕಾರ್ಮಿಕ ಕೈಯಿಂದ ಹಾಕಿದ್ದು ಒಂದು ರೂಪಾಯಿ, ಉಳಿದ ಹತ್ತೊಂಬತ್ತು ಸರಕಾರದ ಸಾಲ. ಮಾಲೀಕನಿಲ್ಲದೆಯೂ ಎಲೆ ಕತ್ತರಿಸಲು ಬರುತ್ತದೆ, ನೂಲು ಸುತ್ತಲು ಬರುತ್ತದೆ ಎಂಬುದು ಬೀಡಿ ಕಟ್ಟುವವರಿಗೆ ಮೊದಲೇ ಗೊತ್ತಿತ್ತು. ಲೆಕ್ಕ ಇಡುವುದನ್ನೂ ಕಲಿತರು. ಬೀಡಿಗೆ ಗಿರಾಕಿ ಕಡಿಮೆಯಾಗತೊಡಗಿದಾಗ, 1990ರ ದಶಕದ ಕೊನೆಯಿಂದ ಅದೇ ಸಂಘ ಕೊಡೆ, ತಿನಿಸು, ಬಟ್ಟೆಗಳ ಕಡೆ ತಿರುಗಿತು. ಅಲ್ಲೂ ಇಂದು ಬೀಡಿಯ ಕೆಲಸ ಹಿಂದಿನಷ್ಟಿಲ್ಲ, ನಿಮ್ಮನ್ನು ಹುಸಿ ಆಸೆಗೆ ದೂಡಲು ನನಗಿಷ್ಟವಿಲ್ಲ. ಸರಕಾರದ ಹತ್ತೊಂಬತ್ತು ರೂಪಾಯಿ ಇಲ್ಲದಿದ್ದರೆ ಆ ಒಂದು ರೂಪಾಯಿ ಏನೂ ಮಾಡುತ್ತಿರಲಿಲ್ಲ ಎಂಬುದೂ ನಿಜ.

ಹೆಂಗಸರು ಒಟ್ಟಾದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2015ರ ಸೆಪ್ಟೆಂಬರಿನಲ್ಲಿ ಮುನ್ನಾರಿನ ಚಹಾ ತೋಟದ ತಮಿಳು ಹೆಂಗಸರು ಬೋನಸ್ ಕಡಿತವನ್ನು ಪ್ರತಿಭಟಿಸಿ ರಸ್ತೆಯಲ್ಲಿ ಕುಳಿತರು. ಮಾಲೀಕರೊಂದಿಗೆ ಒಳಒಪ್ಪಂದವಿದೆಯೆಂದು ಸಂಶಯಪಟ್ಟು ಯೂನಿಯನ್ ಮುಖಂಡರನ್ನೂ ಹತ್ತಿರ ಬರಗೊಡಲಿಲ್ಲ. ಒಂಬತ್ತು ದಿನಗಳಲ್ಲಿ ಕೇಳಿದ ಶೇಕಡ 20 ಸಿಕ್ಕಿತು. ದಿನಗೂಲಿ 500 ಬೇಕೆಂದದ್ದು ಮಾತ್ರ 232ರಿಂದ 301ಕ್ಕೆ ಏರಿ ನಿಂತಿತು. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರಬೇಕಾಗಿದ್ದ ಹುಡುಗಿಯರು ಕೋಝಿಕ್ಕೋಡಿನಿಂದ ಆರಂಭಿಸಿ, ಕುಳಿತುಕೊಳ್ಳುವ ಹಕ್ಕನ್ನು 2018ರಲ್ಲಿ ಕಾನೂನಿಗೆ ಬರೆಸಿದರು. ಕಾಸರಗೋಡಿನ ಅಂಗಡಿಗಳಲ್ಲಿ ಈಗ ಕಾಣುವ ಸ್ಟೂಲುಗಳ ಹಿಂದೆ ಆ ಹುಡುಗಿಯರಿದ್ದಾರೆ. ನಿಮ್ಮ ತೊಂದರೆ ಇವರೆಲ್ಲರಿಗಿಂತ ಒಂದು ವಿಷಯದಲ್ಲಿ ಹೆಚ್ಚಿನದು: ಅವರು ಒಂದೇ ಸೂರಿನಡಿ, ಒಂದೇ ತೋಟದಲ್ಲಿ ದುಡಿಯುತ್ತಾರೆ, ನೀವು ನಿಮ್ಮ ನಿಮ್ಮ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಒಬ್ಬೊಬ್ಬರೇ ಕುಳಿತಿರುತ್ತೀರಿ. ಒಟ್ಟಾಗಿ ಸಿಗುವುದು ಬ್ರಾಂಚಿನ ಮೆಟ್ಟಿಲಲ್ಲಿ ಮಾತ್ರ.

ಆದ್ದರಿಂದ ಆ ಮೆಟ್ಟಿಲಿನಿಂದಲೇ ಆರಂಭಿಸಿ. ನೀವು ಹೇಳುವ ಎಲೆಯ ತೂಕ ನನ್ನ ಅಜ್ಜನ ಕಳಸೆಯೇ. ಕೊಡುವಾಗ ಒಂದು ಅಳತೆ, ತೆಗೆದುಕೊಳ್ಳುವಾಗ ಇನ್ನೊಂದು. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಿಂದ ಪಂಚಾಯತಿನ ಕೂಲಿ ಪಟ್ಟಿಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿಸತೊಡಗಿದರು. ಸತ್ತವರ ಹೆಸರಿನಲ್ಲಿ ಕೂಲಿ ಸಂದಾಯವಾದದ್ದು ಹಾಗೆ ಹೊರಬಿತ್ತು, 2005ರ ಮಾಹಿತಿ ಹಕ್ಕು ಕಾಯಿದೆಯ ಬೇರು ಅಲ್ಲಿದೆ. ಸಿಟ್ಟಿನ ಮಾತಿಗಿಂತ ಅಂಕಿಯನ್ನು ಗಟ್ಟಿಯಾಗಿ ಓದುವುದು ಹೆಚ್ಚು ಭಯ ಹುಟ್ಟಿಸುತ್ತದೆ. ನೀವು ಹತ್ತು ಮಂದಿ ಸೇರಿ ಒಂದು ನೋಟುಪುಸ್ತಕ ಮಾಡಿ. ಎಲೆ ತಂದ ದಿನ ಮನೆಗೆ ಹೋಗುವ ಮೊದಲು ಪಕ್ಕದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ತೂಕ ಬರೆಯಿರಿ. ಬದಿಗಿಟ್ಟ ಬೀಡಿ ಎಷ್ಟು, ಕೈಯಿಂದ ಎಲೆಗೆ ಕೊಟ್ಟ ಹಣ ಎಷ್ಟು, ಪಿ.ಎಫ್. ಎಂದು ಮುರಿದುಕೊಂಡದ್ದು ಎಷ್ಟು ಎಂಬುದನ್ನೂ ದಿನಾಂಕದೊಂದಿಗೆ ಬರೆಯಿರಿ. ಒಬ್ಬರೇ ಬರೆದರೆ ಒಬ್ಬರನ್ನೇ ತೆಗೆಯುತ್ತಾರೆ, ಹತ್ತು ಮಂದಿ ಆಗುವವರೆಗೆ ಆರಂಭಿಸಬೇಡಿ. ಒಂದು ತಿಂಗಳ ಲೆಕ್ಕವಾದ ಮೇಲೆ ಅದರ ಪ್ರತಿಯನ್ನು ನನಗೂ ಕಳುಹಿಸಿ. ಕಾರ್ಮಿಕ ಇಲಾಖೆಗೆ ಕೊಡಬೇಕಾದ ಅರ್ಜಿಯನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆದು ಕೊಡಲು ಇಲ್ಲಿ ಜನರಿದ್ದಾರೆ. ಬ್ರಾಂಚಿನ ಹೆಸರನ್ನಾಗಲಿ ನಿಮ್ಮ ಹೆಸರನ್ನಾಗಲಿ ನಾವು ಅಚ್ಚು ಹಾಕುವುದಿಲ್ಲ. ತಕ್ಕಡಿಯವರು ತೂಗಲು ಒಪ್ಪದಿದ್ದರೆ ಅದನ್ನೂ ಬರೆಯಿರಿ.